ಮೂರನೇ ಬೆರಳಿನ ಗುರುತು

ಹಳೇ ಸಾಮಾನಿನ ಬೀದಿಗೆ ಯಾರಾದರೂ ಕಂದು ಬಣ್ಣದ ಟೀಪಾಟೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರೆ, ಅವರು ಬಾಯಿ ಬಿಡುವ ಮೊದಲೇ ಬೀದಿಯವರು ದಾರಿ ತೋರಿಸುತ್ತಿದ್ದರು. "ಮೂತಿಯಕ್ಕನ ಹತ್ತಿರ ತಾನೆ? ಅಗೋ, ನಿಂತ ಗಡಿಯಾರಗಳ ಅಂಗಡಿ. ಒಳಗೆ ಕಿಟಕಿ ಪಕ್ಕ ಕೂತಿರ್ತಾಳೆ."

ಸಿಡುಕಿ ಮೂತಿ ತಿರುಗಿಸುವ ಮುದುಕಿ ಇರಬೇಕು ಎಂದುಕೊಂಡು ಅಳುಕುತ್ತಲೇ ಒಳಗೆ ಕಾಲಿಡುವವರಿದ್ದರು. ಹೆಸರು ಬಂದದ್ದು ಬೇರೆ ಕಾರಣಕ್ಕೆ. ಹದಿನಾರನೇ ವಯಸ್ಸಿಗೆ ಅವಳು ಟೀಪಾಟಿನ ಕಾರ್ಖಾನೆಗೆ ಸೇರಿದವಳು. ಅಲ್ಲಿ ಹೊಟ್ಟೆ ಮಾಡುವವರು ಬೇರೆ, ಹಿಡಿ ಮಾಡುವವರು ಬೇರೆ, ಮುಚ್ಚಳ ಮಾಡುವವರು ಬೇರೆ. ಟೀ ಸುರಿಯುವ ಮೂತಿಯನ್ನು ಹಸಿ ಮಣ್ಣಿನ ಹೊಟ್ಟೆಗೆ ಅಂಟಿಸುವ ಉದ್ದ ಬೆಂಚಿನಲ್ಲಿ ಒಂಬತ್ತು ಹೆಂಗಸರು ಕೂರುತ್ತಿದ್ದರು. ಅವರಲ್ಲಿ ಇವಳೊಬ್ಬಳು. ಮೊದಲು ಹೊಟ್ಟೆಗೆ ಸೂಜಿಯಿಂದ ಹನ್ನೊಂದು ತೂತು ಚುಚ್ಚಬೇಕು, ಟೀ ಸೊಪ್ಪು ಒಳಗೇ ನಿಲ್ಲಲಿ ಎಂದು. ಆಮೇಲೆ ಮೂತಿಯ ಬುಡಕ್ಕೆ ನೀರಾಗಿ ಕಲಸಿದ ಮಣ್ಣು ಬಳಿದು ಒತ್ತಬೇಕು, ಹೆಬ್ಬೆರಳಿನಿಂದ ಸಂದು ತೀಡಬೇಕು. ದಿನಕ್ಕೆ ಇನ್ನೂರು ಮೂತಿ. ಇಪ್ಪತ್ತೊಂಬತ್ತು ವರ್ಷ ಅದೇ ಕೆಲಸ. ಕಾರ್ಖಾನೆ ಬಾಗಿಲು ಹಾಕಿದಾಗ ಕೈಯಲ್ಲಿ ಉಳಿದದ್ದು ಸ್ವಲ್ಪ ಸೊಟ್ಟಗಾದ ಬಲ ಹೆಬ್ಬೆರಳು ಮತ್ತು ಈ ಅಡ್ಡಹೆಸರು. ಎರಡನ್ನೂ ಅವಳು ಮರ್ಯಾದೆಯಿಂದಲೇ ಇಟ್ಟುಕೊಂಡಿದ್ದಳು.

ತಮ್ಮನಿಗೆ ಹಳೇ ಸಾಮಾನಿನ ಅಂಗಡಿಯಿತ್ತು. ಅಂಗಡಿಯ ಹಿಂದೆ ಒಂದು ಕೋಣೆ, ಕೋಣೆಯಲ್ಲಿ ಒಂದು ಮಂಚ, ಒಂದು ಒಲೆ, ಕಲ್ಲಿನ ತೊಟ್ಟಿಯ ಮೇಲೆ ಒಂದು ನಲ್ಲಿ. "ಬಾ ಅಕ್ಕ, ನನ್ನ ಹತ್ತಿರವೇ ಇದ್ದುಬಿಡು" ಎಂದು ಅವನು ಕರೆದ. ಬಂದವಳು ಸುಮ್ಮನೆ ಕೂರುವ ಪೈಕಿಯಲ್ಲ. ಒಂದು ದಿನ ಯಾರೋ ತಂದಿಟ್ಟ ಟೀಪಾಟನ್ನು ತಮ್ಮ ಹಿಂದುಮುಂದು ತಿರುಗಿಸಿ ತಟ್ಟಿ ನೋಡುತ್ತಿದ್ದಾಗ ಒಲೆಯ ಮುಂದಿನಿಂದಲೇ ಕೂಗಿದಳಂತೆ: "ಇಡೋ ಅದನ್ನ, ಮೂತಿ ಅಂಟಿಸಿರೋದು! ಮುರಿದ ಮೇಲೆ ಅಂಟಿಸಿ ಬಣ್ಣ ಹೊಡೆದಿದ್ದಾರೆ. ಸದ್ದು ಕೇಳಿದರೆ ಗೊತ್ತಾಗಲ್ವಾ ನಿಂಗೆ?" ಅವತ್ತಿನಿಂದ ಕಿಟಕಿ ಪಕ್ಕದ ಕುರ್ಚಿ ಅವಳದಾಯಿತು. ಈಗ ಅದಕ್ಕೂ ಇಪ್ಪತ್ತಾರು ವರ್ಷ.

ಟೀಪಾಟು ನೋಡುವುದನ್ನು ಅವಳು ಪುಸ್ತಕದಿಂದ ಕಲಿಯಲಿಲ್ಲ, ಕೈಯಿಂದ ಕಲಿತಳು. ಹಿಡಿಯನ್ನು ಎರಡು ಬೆರಳಿನಲ್ಲಿ ತೂಗುಹಾಕಿ ಉಗುರಿನಿಂದ ಹೊಟ್ಟೆಗೆ ತಟ್ಟುವಳು. ಗಟ್ಟಿಯಾಗಿದ್ದರೆ ಸಣ್ಣ ಗಂಟೆಯ ಹಾಗೆ ಉಲಿಯುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ನೆಗಡಿಯಾದವರ ಹಾಗೆ ಮಾತಾಡುತ್ತದೆ. ಅಡಿಯ ಅಂಚಿನಲ್ಲಿ ಮೆರುಗಿಲ್ಲದ ಕೆಂಪು ಮಣ್ಣು ಕಾಣುವ ಕಡೆ ಒದ್ದೆ ಬೆರಳಿಡುವಳು. ನಿಜವಾದ ಹಳೇ ಮಣ್ಣು ನೀರನ್ನು ಗುಟುಕ್ಕನೆ ಕುಡಿಯುತ್ತದೆ, ಹಳೆಯದರ ವೇಷ ಹಾಕಿದ ಹೊಸದಾದರೆ ನೀರು ಮೇಲೇ ನಿಂತು ಮಿಕಮಿಕ ನೋಡುತ್ತದೆ. ಒಳಗೆ ಕೈಹಾಕಿ ಸೋಸುವ ತೂತುಗಳನ್ನು ಸವರುವಳು. ಕೈಯಿಂದ ಚುಚ್ಚಿದವು ಒಂದು ಮೇಲೆ ಒಂದು ಕೆಳಗೆ ಇರುತ್ತವೆ, ಯಂತ್ರದವು ಶಾಲೆಯ ಸಾಲಿನ ಹಾಗೆ ನಿಂತಿರುತ್ತವೆ. ಕೊನೆಗೆ ಮೂತಿಯ ತುದಿಯನ್ನು ಮುಂಬಲ್ಲಿಗೆ ಮೆಲ್ಲಗೆ ತಾಗಿಸುವಳು. ಮೆರುಗು ಹಲ್ಲಿಗೆ ತಣ್ಣಗೆ, ಗಡುಸಾಗಿ ಹತ್ತುತ್ತದೆ. ಬಣ್ಣ ಹೊಡೆದು ಮುಚ್ಚಿದ್ದು ಮೆತ್ತಗೆ ಹತ್ತುತ್ತದೆ.

"ಅಡಿಯಲ್ಲಿ ಮೂವತ್ತಾರು ಅಂತಿದೆಯಲ್ಲಮ್ಮ, ಮೂವತ್ತಾರನೇ ಇಸವಿ. ನಮ್ಮ ತಾತನ ಕಾಲದ್ದು" ಎಂದು ಒಬ್ಬ ಗುಮಾಸ್ತ ಎದೆಯುಬ್ಬಿಸಿದ್ದ.

"ನಿಮ್ಮ ತಾತನ ಕಾಲದ್ದೇ ಇರಲಪ್ಪ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ಇಸವಿ ಅಲ್ಲ. ನಮ್ಮ ಕಾರ್ಖಾನೆ ಹಲಗೆ ಮೇಲೆ ಈ ಗಾತ್ರದ್ದು ಮೂವತ್ತಾರು ಕೂರ್ತಿತ್ತು. ಇಪ್ಪತ್ತನಾಲ್ಕು ಅಂತಿದ್ದರೆ ಇದಕ್ಕಿಂತ ದಪ್ಪ. ಅಂಕಿ ಚಿಕ್ಕದಾದಷ್ಟೂ ಹೊಟ್ಟೆ ದೊಡ್ಡದು."

ಆಗ ಅವಳು ಬೇಕೆಂದೇ ದನಿ ಏರಿಸಿದ್ದಳು. ಎದುರಂಗಡಿಯವನು ಒಮ್ಮೆ ಇಂಥದೇ ಟೀಪಾಟಿಗೆ 'ಇಪ್ಪತ್ತನಾಲ್ಕನೇ ಇಸವಿ' ಎಂದು ಚೀಟಿ ಅಂಟಿಸಿ ಗಾಜಿನ ಕಪಾಟಿನಲ್ಲಿಟ್ಟು ಬೀದಿಗೆಲ್ಲ ತೋರಿಸಿದ್ದ. ಕಣ್ಣಿಗೆ ಭೂತಗನ್ನಡಿ ಹಚ್ಚದೆ ಅವನು ಹೊಟೇಲಿನ ಬಿಲ್ಲನ್ನೂ ಓದುವವನಲ್ಲ. ಅದಕ್ಕೇ ಬೀದಿ ಅವನನ್ನು ಭೂತಗನ್ನಡಿ ಎಂದೇ ಕರೆಯುತ್ತಿತ್ತು. "ಅಷ್ಟು ದೊಡ್ಡ ಗಾಜಿಟ್ಟುಕೊಂಡು ನೋಡಿದರೂ ಹೊಟ್ಟೆ ಕಾಣಲಿಲ್ಲವಲ್ಲ ಪಾಪ" ಎಂದು ಮೂತಿಯಕ್ಕ ವಾರಕ್ಕೊಮ್ಮೆಯಾದರೂ ಅನ್ನುವಳು. "ಹಲ್ಲಿನಿಂದ ಬೆಲೆ ಕಟ್ಟೋಳು. ಇರೋ ನಾಲ್ಕು ಉದುರಿದ ದಿನ ಅಂಗಡಿ ಮುಚ್ತಾಳೆ" ಎಂದು ಅವನು ಬೀದಿ ಆಚೆಯಿಂದ ಅನ್ನುವನು. ಹೀಗೆ ಇಬ್ಬರಿಗೂ ಹೊತ್ತು ಹೋಗುತ್ತಿತ್ತು.

ಅವಳು ಇಟ್ಟುಕೊಂಡಿದ್ದ ಕಟ್ಟಳೆಗಳು ಎರಡು. ಬೆಲೆ ಹೇಳಿದ ವಸ್ತುವನ್ನು ತಾನೂ ಕೊಳ್ಳುವುದಿಲ್ಲ, ತಮ್ಮನಿಗೂ ಕೊಳ್ಳಗೊಡುವುದಿಲ್ಲ. ಎರಡನೆಯದು, ಆ ವಸ್ತುವಿನ ವಿಷಯ ತನಗೆ ಗೊತ್ತಿರುವುದನ್ನೆಲ್ಲ ತಂದವರಿಗೆ ಹೇಳಿಯೇ ತೀರಬೇಕು. ಇವು ಸುಮ್ಮನೆ ಬಂದವಲ್ಲ. ಮೊದಲ ವರ್ಷ, ಒಬ್ಬ ಮುದುಕ ತಂದಿದ್ದ ಟೀಪಾಟಿಗೆ ತಮ್ಮ ಕಣ್ಣು ಮಿಟುಕಿಸಿದನೆಂದು ಅವಳು ಬೆಲೆ ಇಳಿಸಿ ಹೇಳಿದ್ದಳು. ತಮ್ಮ ಕೊಂಡ, ಹತ್ತು ಪಟ್ಟು ಚೀಟಿ ಹಚ್ಚಿ ಕಿಟಕಿಯಲ್ಲಿಟ್ಟ. ವಾರ ಕಳೆದು ಆ ಮುದುಕ ಅದೇ ದಾರಿಯಲ್ಲಿ ಬಂದ. ಕಿಟಕಿಯ ಮುಂದೆ ನಿಂತು ಚೀಟಿ ಓದಿದ, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ. ಜಗಳಕ್ಕೆ ಬರಲಿಲ್ಲ, ಒಳಗೆ ಇಣುಕಿಯೂ ನೋಡಲಿಲ್ಲ, ಟೋಪಿ ಸರಿಮಾಡಿಕೊಂಡು ಹೊರಟುಹೋದ. ಅವನು ಬೈದಿದ್ದರೆ ಮೂತಿಯಕ್ಕ ಎರಡು ದಿನದಲ್ಲಿ ಮರೆಯುತ್ತಿದ್ದಳೇನೋ. ಆ ಟೋಪಿ ಸರಿಮಾಡಿಕೊಂಡದ್ದು ಮಾತ್ರ ಇಪ್ಪತ್ತೈದು ವರ್ಷವಾದರೂ ಕಣ್ಣಿಗೆ ಕಟ್ಟಿದಂತಿತ್ತು. ಅಂದಿನಿಂದ ಬೆಲೆ ಹೇಳಿದ್ದಕ್ಕೆ ಒಂದು ಟೀಯ ದುಡ್ಡು, ಅಷ್ಟೇ.

"ಅಕ್ಕನ್ನ ಕೂರಿಸಿಕೊಂಡು ಎದುರಂಗಡಿಯವನಿಗೆ ವ್ಯಾಪಾರ ಮಾಡಿಕೊಡ್ತಿದ್ದೀನಿ" ಎಂದು ತಮ್ಮ ಗೊಣಗುವನು. ಆದರೂ ಚಳಿ ಬಂತೆಂದರೆ ಅವಳ ಕುರ್ಚಿಗೆ ಮೆತ್ತೆ ಹೊಲಿಸಿ ತರುವವನೂ ಅವನೇ.

ಟೀಪಾಟು ಕೈಗೆ ಬಂದ ಕೂಡಲೇ ಮೂತಿಯಕ್ಕ ಮಾಡುತ್ತಿದ್ದ ಮೊದಲ ಕೆಲಸ ಅದನ್ನು ಬೋರಲು ಹಾಕುವುದು. ಕಾರ್ಖಾನೆಯ ಮುದ್ರೆ ನೋಡುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ತಮ್ಮನೂ ಹಾಗೇ ತಿಳಿದಿದ್ದ. ಅವಳು ಹುಡುಕುತ್ತಿದ್ದುದು ಮುದ್ರೆಯನ್ನಲ್ಲ.

ಅವಳ ಗಂಡ ಅದೇ ಕಾರ್ಖಾನೆಯಲ್ಲಿ ಮೆರುಗಿನ ತೊಟ್ಟಿಯ ಹತ್ತಿರ ನಿಲ್ಲುತ್ತಿದ್ದ. ಒಮ್ಮೆ ಸುಟ್ಟ ಕೆಂಪು ಟೀಪಾಟನ್ನು ತಳದಲ್ಲಿ ಹಿಡಿದು, ಬೆಂದ ಮೇಲೆ ಗಾಜಿನಂಥ ಮೆರುಗಾಗುವ ಕಂದು ದ್ರಾವಣದಲ್ಲಿ ಅದ್ದಿ, ಮಣಿಕಟ್ಟನ್ನು ಒಮ್ಮೆ ತಿರುಗಿಸಿ ಎತ್ತಿಬಿಡುವುದು ಅವನ ಕೆಲಸ. ನೋಡಲು ಏನೂ ಅಲ್ಲ. ಆದರೆ ಅವನು ಎತ್ತಿದ ಟೀಪಾಟಿನಿಂದ ಒಂದು ಹನಿ ಕೆಳಗೆ ಬೀಳುತ್ತಿರಲಿಲ್ಲ ಎಂದು ಮೇಸ್ತ್ರಿಯೇ ಹೊಸಬರನ್ನು ಕರೆದು ತೋರಿಸುತ್ತಿದ್ದ. ಹಿಡಿದ ಕಡೆ ಮೆರುಗು ಹತ್ತುವುದಿಲ್ಲವಲ್ಲ, ತಳದ ಅಂಚಿನ ಮೇಲೆ ಒಂದು ಕಡೆ ಹೆಬ್ಬೆರಳಿನ ಗುರುತು, ಎದುರು ಕಡೆ ಮೂರು ಬೆರಳಿನ ಗುರುತು ಬೋಳಾಗಿ ಉಳಿಯುತ್ತಿತ್ತು. ಅವನ ಉಂಗುರದ ಬೆರಳಿನ ತುದಿ ಗೆಣ್ಣು ಹುಡುಗನಾಗಿದ್ದಾಗಲೇ ಮಣ್ಣರೆಯುವ ಯಂತ್ರಕ್ಕೆ ಹೋಗಿತ್ತು. ಹಾಗಾಗಿ ಅವನ ಗುರುತು ಎರಡು ಉದ್ದ, ಒಂದು ಗುಂಡಗೆ. ಪಕ್ಕದಲ್ಲೇ ಕುಂಚ ಹಿಡಿದು ನಿಂತ ಹುಡುಗಿ ಆ ಬೋಳು ಜಾಗಗಳಿಗೆ ಮೆರುಗು ಬಳಿದು ಮುಚ್ಚಿಬಿಡುವಳು. ಗೂಡಿಗೆ ಬೆಂಕಿ ಹಾಕುವ ಹೊತ್ತಾಗಿ ಗಡಿಬಿಡಿಯಾದ ದಿನ ಮಾತ್ರ ಒಂದೋ ಎರಡೋ ಕುಂಚ ತಪ್ಪಿಸಿಕೊಂಡು ಹಾಗೇ ಬೆಂದು ಹೋಗುತ್ತಿದ್ದವು. ಅಂಥವನ್ನು ಎರಡನೇ ದರ್ಜೆ ಎಂದು ಕಡಿಮೆಗೆ ಮಾರುತ್ತಿದ್ದರು.

ಹನ್ನೊಂದು ವರ್ಷ ಅದ್ದಿದ. ಆಮೇಲೆ ಎದೆಯ ಕಾಯಿಲೆ ಬಂದು ಒಂದೇ ಚಳಿಗಾಲದಲ್ಲಿ ಹೋಗಿಬಿಟ್ಟ. ಅವಳಿಗೆ ಆಗ ಮೂವತ್ತೊಂದು. ಮದುವೆಗೆ ಕಾರ್ಖಾನೆಯವರು ಕೊಟ್ಟಿದ್ದ, ಅವನೇ ಅದ್ದಿದ ಟೀಪಾಟೊಂದು ಮನೆಯಲ್ಲಿತ್ತು. ಉಡುಗೊರೆಯದಲ್ಲವೇ, ಮೇಸ್ತ್ರಿ ನಿಂತು ಅದರ ಬೆರಳಿನ ಗುರುತನ್ನೆಲ್ಲ ನುಣ್ಣಗೆ ಮುಚ್ಚಿಸಿದ್ದ. ಗಂಡ ಹೋದ ಮೂರನೇ ತಿಂಗಳು, ತೊಳೆಯುವಾಗ ಸೋಪಿನ ಕೈಯಿಂದ ಅದು ಮೀನಿನ ಹಾಗೆ ಜಾರಿ ಕಲ್ಲಿನ ಮೇಲೆ ಬಿತ್ತು. ಚೂರುಗಳನ್ನು ಆಯ್ದು ಎಷ್ಟು ಹೊತ್ತು ಕೂತಿದ್ದಳೋ ಅವಳಿಗೇ ಗೊತ್ತಿಲ್ಲ.

ಆ ಮೇಲೆ ಅವನ ಕೈಯ ಗುರುತು ಎಂದು ಜಗತ್ತಿನಲ್ಲಿ ಏನಾದರೂ ಉಳಿದಿದ್ದರೆ ಅದು ಯಾರದೋ ಮನೆಯ ಅಡುಗೆಕೋಣೆಯಲ್ಲಿ, ಯಾವುದೋ ಟೀಪಾಟಿನ ತಳದಲ್ಲಿ ಇರಬೇಕು. ಇಪ್ಪತ್ತಾರು ವರ್ಷದಿಂದ ಅವಳು ಬೋರಲು ಹಾಕಿ ನೋಡುತ್ತಿದ್ದುದು ಅದನ್ನೇ. ಸಾವಿರಕ್ಕೂ ಹೆಚ್ಚು ಬಂದು ಹೋಗಿದ್ದವು. ಬೇರೆಯವರ ಬೆರಳು ಸಿಕ್ಕಿದ್ದುಂಟು. ಅವನದು ಸಿಕ್ಕಿರಲಿಲ್ಲ. ಈಗೀಗ ಎಡಗಣ್ಣಿಗೆ ಪೊರೆ ಬಂದು, ನೋಡುವುದಕ್ಕಿಂತ ಸವರುವುದೇ ಹೆಚ್ಚಾಗಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲರೂ ಕನಿಕರದಿಂದ ಟೀಪಾಟು ಹೊತ್ತು ತಂದು ತಲೆ ತಿನ್ನುತ್ತಾರೆ ಎಂಬ ಭಯ.

ಆ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಕಿಟಕಿಯ ಬಿಸಿಲು ಅವಳ ಮೊಣಕಾಲಿನ ತನಕ ಬಂದಿದ್ದಾಗ, ಐವತ್ತರ ಆಸುಪಾಸಿನ ಟೈಲರಮ್ಮ ಒಬ್ಬಳು ಬಂದಳು. ಕತ್ತಿಗೆ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ತೋಳಿಗೆ ಮೂರು ಗುಂಡುಸೂಜಿ ಚುಚ್ಚಿತ್ತು. ಚೀಲದಿಂದ ಟೀಪಾಟು ತೆಗೆದು ಮೇಜಿನ ಮೇಲಿಟ್ಟಳು.

"ಅಮ್ಮ ಹೋಗಿ ಎಂಟು ತಿಂಗಳಾಯ್ತು. ಅವರ ಕೋಣೆ ಬಾಡಿಗೆಗೆ ಕೊಡ್ತಿದ್ದೀವಿ, ಕಪಾಟು ಖಾಲಿ ಮಾಡಬೇಕು. ಇದು ಏನಾದರೂ ಬಾಳುತ್ತಾ ನೋಡಿ ಹೇಳ್ತೀರಾ? ಬಾಳದಿದ್ದರೆ ಪರವಾಗಿಲ್ಲ, ಹೊಲಿಗೆ ಮೇಜಿನ ಮೇಲೆ ಸೀಮೆಸುಣ್ಣ ಹಾಕಿಡ್ತೀನಿ."

"ಸೀಮೆಸುಣ್ಣ ಹಾಕೋಕೆ ಡಬ್ಬಿ ಇಲ್ವೇನಮ್ಮ? ಕೊಡು ಇಲ್ಲಿ" ಎಂದು ಮೂತಿಯಕ್ಕ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು. ಮುಚ್ಚಳ ಈ ಹೊಟ್ಟೆಯದಲ್ಲ ಎಂದು ಎತ್ತುವಾಗಲೇ ಗೊತ್ತಾಯಿತು. ಬಣ್ಣ ಸ್ವಲ್ಪ ಹೆಚ್ಚು ಕಪ್ಪು, ಗುಬುಟು ಬೇರೆ. ಎಂದಿನಂತೆ ಟೀಪಾಟನ್ನು ಬೋರಲು ಹಾಕಿ, ತಳದ ಅಂಚಿನ ಸುತ್ತ ಬೆರಳಾಡಿಸಿದಳು.

ಬೆರಳು ನಿಂತುಬಿಟ್ಟಿತು.

ಒಂದು ಕಡೆ ಅಗಲವಾದ ಬೋಳು ಜಾಗ, ಹೆಬ್ಬೆರಳು. ಎದುರು ಕಡೆ ಒಂದು ಉದ್ದ. ಇನ್ನೊಂದು ಉದ್ದ. ಆಮೇಲೆ... ಅವಳು ಕೈ ಹಿಂದಕ್ಕೆಳೆದು ಸೆರಗಿಗೆ ಒರೆಸಿಕೊಂಡಳು. ಪುನಃ ಸವರಿದಳು. ಅಂಗಡಿಯ ನಿಂತ ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆದುಕೊಂಡರೂ ಅವಳಿಗೆ ಕೇಳಿಸುತ್ತಿರಲಿಲ್ಲ.

"ಯಾಕಮ್ಮ, ಬಿರುಕು ಬಿಟ್ಟಿದೆಯಾ?" ಎಂದಳು ಟೈಲರಮ್ಮ.

"ಇಲ್ಲ."

"ಹಾಗಾದರೆ ಎಷ್ಟು ಬಾಳುತ್ತೆ?"

ಮೂತಿಯಕ್ಕ ಟೀಪಾಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ನಾಲಿಗೆಯ ಮೇಲೆ ಯಾವ ಅಂಕಿಯೂ ಬರಲಿಲ್ಲ. ಬಂದರೆ ಏನಾಗುತ್ತದೆ ಎಂದೂ ಅವಳಿಗೆ ಗೊತ್ತಿತ್ತು: ಬೆಲೆ ಹೇಳಿದ ಕ್ಷಣ ಈ ಟೀಪಾಟು ಅವಳಿಗೆ ಇಲ್ಲವಾಗುತ್ತದೆ. ಬೇರೆಯವರು ಹಾಕಿದ ಬೇಲಿಯಲ್ಲ, ತಾನೇ ಹಾಕಿಕೊಂಡದ್ದು.

"ಇದಕ್ಕೆ ಬೆಲೆ ಹೇಳೋಕೆ ನನಗೆ ಬರಲ್ಲ" ಎಂದಳು.

ಹಿಂದೆ ಕುರ್ಚಿಯ ಕಾಲಿಗೆ ಮೊಳೆ ಹೊಡೆಯುತ್ತಿದ್ದ ತಮ್ಮನ ಸುತ್ತಿಗೆ ಅರ್ಧದಲ್ಲೇ ನಿಂತಿತು. "ಅಕ್ಕಾ? ಮೈಯಲ್ಲಿ ಹುಷಾರಿದೆ ತಾನೆ?"

"ಹುಷಾರಾಗೇ ಇದ್ದೀನಿ. ಹೋಗಿ ಆ ಭೂತಗನ್ನಡಿಯನ್ನ ಕರಕೊಂಡು ಬಾ."

"ಯಾರನ್ನ?"

"ಕಿವಿಗೂ ಪೊರೆ ಬಂತಾ ನಿಂಗೆ? ಎದುರಂಗಡಿಯವನನ್ನ. ಮೂತಿಯಕ್ಕನಿಗೆ ಬೆಲೆ ಹೇಳೋಕೆ ಬರಲಿಲ್ಲವಂತೆ, ನೀವು ಬಂದು ಹೇಳಬೇಕಂತೆ ಅನ್ನು. ಓಡಿ ಬರ್ತಾನೆ."

ಓಡಿಯೇ ಬಂದ. ಕೋಟಿನ ಗುಂಡಿ ಹಾಕಿಕೊಳ್ಳುವುದಕ್ಕೂ ನಿಲ್ಲಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಈ ಹೊಸ್ತಿಲು ದಾಟಿದವನು ಗೆದ್ದ ರಾಜನ ಹಾಗೆ ಸುತ್ತ ನೋಡಿದ. "ಏನಕ್ಕ, ಹಲ್ಲು ಕೈಕೊಟ್ಟವಾ?"

"ಮೊದಲು ನೋಡಿ, ಆಮೇಲೆ ಹಲ್ಲು ಬಿಡಿ."

ಅವನು ಜೇಬಿನಿಂದ ಗಾಜು ತೆಗೆದು ಉಸಿರಿನ ಆವಿ ಬಿಟ್ಟು ಒರೆಸಿದ, ಮೂಗು ತಾಗುವಷ್ಟು ಬಗ್ಗಿದ. ಮೂತಿಯಕ್ಕ ಅವನ ಮುಖವನ್ನೇ ನೋಡುತ್ತ ಕೂತಳು. ತನ್ನ ಬೆರಳು ತನ್ನನ್ನೇ ಮೋಸ ಮಾಡಿರಬಹುದು. ಬೇಕು ಬೇಕೆಂದು ಹಂಬಲಿಸುವ ಕೈಗೆ ಬರೀ ಗೋಡೆಯಲ್ಲೂ ಬೆರಳಿನ ಗುರುತು ಸಿಕ್ಕೀತು. ಇವನಿಗೆ ಅಂಥ ಹಂಬಲ ಏನೂ ಇಲ್ಲ.

"ಕಾರ್ಖಾನೆ ನಿಮ್ಮದೇ. ಒಳ್ಳೇ ಕಾಲದ್ದೇ" ಎಂದು ಅವನು ಶುರುಮಾಡಿದ. "ಆದರೆ ಐಬು ಎರಡು. ಮುಚ್ಚಳ ಇದರದಲ್ಲ, ಯಾವುದೋ ಬೇರೆ ಮನೆಯ ಸೊಸೆ. ಇನ್ನು ಅಡಿ ನೋಡಿ, ಅದ್ದಿದವನ ಬೆರಳು ಹಾಗೇ ಉಳಿದಿದೆ, ಮುಚ್ಚಿಲ್ಲ. ಎರಡನೇ ದರ್ಜೆ ಮಾಲು. ಇಲ್ಲೊಂದು ತಮಾಷೆ ನೋಡಿ..." ಗಾಜನ್ನು ಹತ್ತಿರ ತಂದ. "ಎರಡು ಬೆರಳು ಸರಿಯಾಗಿದೆ, ಮೂರನೆಯದು ಗುಂಡಗಿದೆ. ಇದನ್ನ ಅದ್ದಿದವನ ಮೂರನೇ ಬೆರಳು ಮೊಂಡು ಇದ್ದಿರಬೇಕು."

ಮೂತಿಯಕ್ಕ ಮೇಜಿನ ಅಂಚು ಹಿಡಿದುಕೊಂಡಳು.

"ಒಟ್ಟಿನಲ್ಲಿ ಐವತ್ತು. ಅದಕ್ಕಿಂತ ಹೆಚ್ಚು ಕೊಡೋನು ಪೆದ್ದ."

"ಐವತ್ತಾ?" ಮೂತಿಯಕ್ಕನ ದನಿ ಚಾವಣಿ ಮುಟ್ಟಿತು. "ಕಣ್ಣಿದೆಯಾ ನಿಮಗೆ? ಮೆರುಗು ನೋಡಿ, ತಳದಲ್ಲಿ ಎಲ್ಲಾದರೂ ಒಂದು ಹನಿ ಜೋತು ಬಿದ್ದಿದೆಯಾ? ಈ ಬೀದಿಯಲ್ಲಿರೋ ಯಾವ ಟೀಪಾಟಿಗಾದರೂ ಮೆರುಗು ಹೀಗೆ ಸಮನಾಗಿ ಕೂತಿದೆಯಾ, ತೋರಿಸಿ!"

"ಅಕ್ಕ, ಕೊಳ್ಳೋಕೆ ಆಸೆಪಡೋಳೂ ನೀನೇ, ಬೆಲೆ ಏರಿಸೋಳೂ ನೀನೇ, ಇದ್ಯಾವ ನ್ಯಾಯ!" ಎಂದು ತಮ್ಮ ತಲೆ ಚಚ್ಚಿಕೊಂಡ. "ಐವತ್ತು ಅಂದ್ರಲ್ಲ ಅವರು. ಬೆಲೆ ಹೇಳಿದ್ದು ನೀನಲ್ಲ. ನಿನ್ನ ಕಟ್ಟಳೆಗೂ ಧಕ್ಕೆಯಿಲ್ಲ. ಕೊಟ್ಟು ತಗೊಂಡುಬಿಡು!"

ಅದೂ ನಿಜವೇ. ಟೈಲರಮ್ಮನೂ "ಐವತ್ತಾದರೆ ಐವತ್ತು, ನನಗೇನು" ಎಂಬ ಹಾಗೆ ನಿಂತಿದ್ದಳು. ಪೆಟ್ಟಿಗೆಯಿಂದ ಐವತ್ತು ತೆಗೆದುಕೊಟ್ಟರೆ ಮುಗಿಯಿತು, ಸಂಜೆಗೆ ಅದು ಒಳಕೋಣೆಯ ಕಪಾಟಿನಲ್ಲಿರುತ್ತದೆ.

ಆದರೆ ಕಟ್ಟಳೆ ಎರಡಿದ್ದವಲ್ಲ. ಮೊದಲನೆಯದನ್ನು ದಾಟದೆ ಪಕ್ಕದಿಂದ ಬಂದಿದ್ದಳು. ಎರಡನೆಯದು ಎದುರಿಗೇ ನಿಂತಿತ್ತು. ಗೊತ್ತಿರುವುದನ್ನು ಹೇಳದೆ ಕೊಂಡರೆ, ಇನ್ನೊಂದು ಟೋಪಿ ಇನ್ನೊಂದು ಕಿಟಕಿಯ ಮುಂದೆ. ಹೇಳಿದರೋ, ಕಥೆಯಿರುವ ವಸ್ತುವನ್ನು ಯಾರು ಬಿಟ್ಟುಕೊಡುತ್ತಾರೆ? ಕಥೆ ಗೊತ್ತಾದ ಮೇಲೆ ಚೀಲಕ್ಕೆ ಹಾಕಿಕೊಂಡು ಹೊರಟವರನ್ನು ಅವಳು ಎಷ್ಟು ಜನರನ್ನು ನೋಡಿಲ್ಲ! ಅವಳೇ ಹೇಳಿ ಕಳಿಸಿದ್ದಳು ಅವರನ್ನೆಲ್ಲ, ನಗುನಗುತ್ತ.

"ಕೂತ್ಕೊಳಮ್ಮ" ಎಂದಳು ಟೈಲರಮ್ಮನಿಗೆ. "ಕೊಡೋದು ಬಿಡೋದು ನಿನ್ನಿಷ್ಟ. ಮೊದಲು ಕೇಳು. ಆ ಮೊಂಡು ಬೆರಳು ನನ್ನ ಯಜಮಾನರದು."

ಹೇಳಿದಳು. ಮಣ್ಣರೆಯುವ ಯಂತ್ರ, ಮೆರುಗಿನ ತೊಟ್ಟಿ, ಕುಂಚದ ಹುಡುಗಿ, ಮದುವೆಯ ಟೀಪಾಟು, ಸೋಪಿನ ಕೈ. ಕತ್ತು ಬಗ್ಗಿಸಿ ಮೇಜಿಗೆ ಹೇಳುವ ಹಾಗೆ ಹೇಳಿದಳು. ತಮ್ಮ ಸುತ್ತಿಗೆ ಕೆಳಗಿಟ್ಟ. ಅಕ್ಕ ಇಷ್ಟು ವರ್ಷ ಎಲ್ಲವನ್ನೂ ಬೋರಲು ಹಾಕಿ ನೋಡಿದ್ದು ಯಾಕೆಂದು ಅವನಿಗೆ ಈಗ ಗೊತ್ತಾಗಿ, ಎಲ್ಲಿ ನೋಡಬೇಕೋ ತಿಳಿಯದೆ ಕೈಯಲ್ಲಿದ್ದ ಮೊಳೆಗಳನ್ನು ಎಣಿಸತೊಡಗಿದ. ಭೂತಗನ್ನಡಿ ತನ್ನ ಗಾಜನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

"ಮೂತಿ ನೀವೇ ಅಂಟಿಸಿದ್ದಾ ಹಾಗಾದರೆ?" ಎಂದು ಟೈಲರಮ್ಮ ಮೆತ್ತಗೆ ಕೇಳಿದಳು.

ಮೂತಿಯಕ್ಕ ಮೂತಿಯ ಬುಡಕ್ಕೆ ಸೊಟ್ಟ ಹೆಬ್ಬೆರಳಿಟ್ಟು ನೋಡಿದಳು. ಮುಖ ಹುಳ್ಳಗಾಯಿತು. "ಇಲ್ಲಮ್ಮ. ಇದು ನನ್ನ ಪಕ್ಕ ಕೂರ್ತಿದ್ದ ಗೊಣಗಿಯದು. ಸಂದು ತೀಡೋದರಲ್ಲೂ ಸೋಮಾರಿ. ನೋಡು, ಇಷ್ಟು ವರ್ಷದ ಮೇಲೂ ನಮ್ಮಿಬ್ಬರ ಮಧ್ಯೆ ಬಂದು ಕೂತಿದ್ದಾಳೆ."

ಟೈಲರಮ್ಮನಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು. ಟೀಪಾಟನ್ನು ಎತ್ತಿಕೊಂಡು, ತಾನು ಎಷ್ಟೋ ಸಲ ಕಂಡಿದ್ದ ಯಾವುದನ್ನೋ ನೆನೆಯುವವಳಂತೆ, ತಳದ ಬೋಳು ಜಾಗಗಳ ಮೇಲೆ ಒಂದೊಂದೇ ಬೆರಳಿಟ್ಟಳು.

"ನಮ್ಮಮ್ಮ ಹೀಗೇ ಹಿಡಿದು ತೊಳೀತಿದ್ರು. ನಲವತ್ತು ವರ್ಷ. ಬೇರೆ ಎಲ್ಲ ಜಾರುತ್ತೆ, ಇದೊಂದು ಜಾರಲ್ಲ ಕಣೇ, ಮಾಡಿದವನು ಹಿಡಿಯೋಕೆ ಜಾಗ ಬಿಟ್ಟಿದ್ದಾನೆ ಅಂತಿದ್ರು. ನಮ್ಮನೇಲಿ ಎಷ್ಟು ಕಪ್ಪು, ಎಷ್ಟು ತಟ್ಟೆ ಒಡೆದು ಹೋದ್ವು. ಇದು ಮಾತ್ರ ಅವರ ಕೈಯಿಂದ ಬಿದ್ದಿದ್ದೇ ಇಲ್ಲ."

ಮೂತಿಯಕ್ಕ ಆ ಬೆರಳುಗಳನ್ನೇ ನೋಡಿದಳು. ನುಣ್ಣಗೆ ಮುಚ್ಚಿಸಿಕೊಂಡ ತನ್ನ ಮನೆಯದು ಜಾರಿತ್ತು. ಮುಚ್ಚದೆ ಬಿಟ್ಟ ಇದು, ಅವನು ಮುಖವನ್ನೇ ಕಾಣದ ಒಬ್ಬ ಹೆಂಗಸಿನ ಕೈಯಲ್ಲಿ ನಲವತ್ತು ವರ್ಷ ಗಟ್ಟಿಯಾಗಿ ನಿಂತಿತ್ತು. ಅವನು ಅದ್ದಿ ಎತ್ತಿ, ಹಿಂದೆ ತಿರುಗಿಯೂ ನೋಡದೆ ಮುಂದಿನದಕ್ಕೆ ಕೈಚಾಚಿದ್ದಿರಬೇಕು.

"ತಗೊಂಡು ಹೋಗಮ್ಮ" ಎಂದಳು ಕೊನೆಗೆ. "ನಿಮ್ಮಮ್ಮನ ಕೈಯಲ್ಲಿ ಪಳಗಿದ್ದು. ನಾನು ಮುಟ್ಟಿ ನೋಡಿದೆನಲ್ಲ, ಸಾಕು."

ಟೈಲರಮ್ಮ ಟೀಪಾಟನ್ನು ಮಡಿಲಲ್ಲಿಟ್ಟುಕೊಂಡಳು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಎರಡು ಸಲ ಅಳೆಯುವ ಜಾತಿ, ಆತುರವಿರಲಿಲ್ಲ. ಆಮೇಲೆ ಕೈ ಚಾಚಿ, ಪಕ್ಕದಲ್ಲಿದ್ದ ಆ ಕಪ್ಪು ಮುಚ್ಚಳ ಎತ್ತಿಕೊಂಡಳು.

"ಇದರ ಮೂಲ ಮುಚ್ಚಳ ಒಡೆದವಳು ನಾನು. ಒಂಬತ್ತು ವರ್ಷ ನನಗಾಗ. ಅಮ್ಮ ಬೈಯಲಿಲ್ಲ. ಪ್ರತಿ ಶನಿವಾರ ನನ್ನ ಕೈಹಿಡಿದು ಹಳೇ ಸಾಮಾನಿನ ಅಂಗಡಿಗಳಿಗೆ ಕರಕೊಂಡು ಹೋಗೋರು. ಟೀಪಾಟು ಚೀಲದಲ್ಲಿ. ಸಿಕ್ಕ ಸಿಕ್ಕ ಮುಚ್ಚಳ ಎಲ್ಲ ಇಟ್ಟು ನೋಡೋದು, ಕೂರಲ್ಲ, ವಾಪಸ್. ಬರ್ತಾ ದಾರೀಲಿ ಒಂದು ಬನ್ನು ಕೊಡಿಸೋರು. ಆರು ತಿಂಗಳು ಹುಡುಕಿದ್ವಿ. ಇದು ಕೂತ ದಿನ ನಾನು ಅತ್ತುಬಿಟ್ಟೆ, ಇನ್ನು ಶನಿವಾರ ಬರಲ್ವಲ್ಲ ಅಂತ." ಮುಚ್ಚಳದ ಗುಬುಟನ್ನು ಬೆರಳಲ್ಲಿ ತಿರುಗಿಸಿದಳು. "ಟೀಪಾಟು ಅಂದರೆ ನನಗೆ ಅಮ್ಮನ ಕೆಲಸ ನೆನಪಾಗುತ್ತೆ. ಇದು ಮಾತ್ರ ಅಮ್ಮ ಮತ್ತು ನಾನು. ನೀವು ಅದನ್ನ ಇಟ್ಕೊಳ್ಳಿ. ಇದು ನನಗಿರಲಿ."

"ಅಯ್ಯೋ, ನಿಲ್ಲಿ ನಿಲ್ಲಿ" ಎಂದು ಭೂತಗನ್ನಡಿ ಎರಡೂ ಕೈ ಎತ್ತಿದ. "ಮುಚ್ಚಳ ಇಲ್ಲದ ಟೀಪಾಟು ಒಬ್ಬರಿಗೆ, ಟೀಪಾಟಿಲ್ಲದ ಮುಚ್ಚಳ ಒಬ್ಬರಿಗೆ! ಇದ್ದ ಐವತ್ತನ್ನೂ ಹಾಳುಮಾಡಿದ್ರಲ್ಲ! ಇಬ್ಬರೂ ಸೇರಿ ಮಾಲು ಕೆಡಿಸಿಬಿಟ್ರಿ!"

"ನಿಮ್ಮ ಕಣ್ಣಿಗೆ ಅದು ಐಬು" ಎಂದಳು ಮೂತಿಯಕ್ಕ.

ದುಡ್ಡಿನ ಮಾತಿಗೆ ಇಬ್ಬರು ಹೆಂಗಸರೂ ಸ್ವಲ್ಪ ಹೊತ್ತು ಕಾದಾಡಿದರು. ಒಬ್ಬಳು ಬೇಡವೆನ್ನುವಳು, ಇನ್ನೊಬ್ಬಳು ಬಿಟ್ಟಿ ಮುಟ್ಟೆನೆನ್ನುವಳು. ಕೊನೆಗೆ ಟೈಲರಮ್ಮ ಐವತ್ತು ತೆಗೆದುಕೊಂಡು, ಮುಚ್ಚಳದ ಬಾಬ್ತೆಂದು ಹತ್ತು ಹಿಂದಕ್ಕೆ ಕೊಟ್ಟಳು. ಮುಚ್ಚಳವನ್ನು ಕರ್ಚೀಫಿನಲ್ಲಿ ಸುತ್ತಿ ಚೀಲದಲ್ಲಿಡದೆ ಕೈಯಲ್ಲೇ ಹಿಡಿದು, ಟೇಪನ್ನು ಕತ್ತಿಗೆ ಸರಿಮಾಡಿಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ, "ತೊಳೆಯುವಾಗ ಅಲ್ಲೇ ಹಿಡೀರಿ" ಎಂದಳು.

ಭೂತಗನ್ನಡಿ ಮಾತ್ರ ಹೊರಡುವ ಸೂಚನೆ ತೋರಲಿಲ್ಲ. ಕೋಟಿನ ಗುಂಡಿ ಹಾಕಿದ, ಬಿಚ್ಚಿದ. ಆಮೇಲೆ ಜೇಬಿನಿಂದ ತನ್ನ ಗಾಜು ತೆಗೆದು ಮೇಜಿನ ಮೇಲಿಟ್ಟ. ಸ್ವಂತ ಹೆಂಡತಿಗೂ ಮುಟ್ಟಗೊಡದ ಗಾಜು ಅದು.

"ಎಡಗಣ್ಣು ಮಂಜು ಅಂತಿದ್ದಿರಲ್ಲ. ಇವತ್ತೊಂದು ದಿನ ಇಟ್ಕೊಳ್ಳಿ. ಆ ಗುಂಡು ಗುರುತಿನ ಅಂಚಿನಲ್ಲಿ ಮೆರುಗು ಒಂಚೂರು ಮಡಿಚಿಕೊಂಡಿದೆ, ಬೆರಳು ಎತ್ತುವಾಗ ಆದದ್ದು. ಚೆನ್ನಾಗಿದೆ ನೋಡೋಕೆ." ಸ್ವಲ್ಪ ತಡೆದು ಸೇರಿಸಿದ: "ಹನಿ ಜೋತಿಲ್ಲ ಅಂದ್ರಲ್ಲ, ಅದು ನಿಜ. ಎಲ್ಲೂ ಇಲ್ಲ. ದೊಡ್ಡ ಕಸುಬುದಾರನ ಕೈ."

"ನಾಳೆ ಬೆಳಿಗ್ಗೆ ವಾಪಸ್ ಕಳಿಸ್ತೀನಿ" ಎಂದಳು ಮೂತಿಯಕ್ಕ. ಅವನು ಹೋದ ಮೇಲೆ, ಅವನಿಗೆ ಒಂದು ಟೀಯ ದುಡ್ಡು ಕೊಡುವುದು ಮರೆತೆನಲ್ಲ ಎಂದು ಪರದಾಡಿ, ತಮ್ಮನ ಕೈಯಲ್ಲಿ ಕೊಟ್ಟು ಕಳಿಸಿದಳು. ಕಟ್ಟಳೆ ಕಟ್ಟಳೆಯೇ.

ಮಧ್ಯಾಹ್ನ ಒಳಕೋಣೆಯಲ್ಲಿ ನೀರು ಕಾಯಿಸಿ ಆ ಟೀಪಾಟಿನಲ್ಲೇ ಟೀ ಮಾಡಿದಳು. ಮುಚ್ಚಳದ ಬದಲು ಬಸಿಯೊಂದನ್ನು ಬೋರಲು ಹಾಕಿದಳು. ತಮ್ಮನಿಗೊಂದು ಲೋಟ, ತನಗೊಂದು. ಗೊಣಗಿ ಅಂಟಿಸಿದ ಮೂತಿ ಒಂದು ತೊಟ್ಟು ಮೇಜಿನ ಮೇಲೆ ಸೋರಿಸಿತು. "ಗೊತ್ತಿತ್ತು ನಂಗೆ" ಎಂದಳು. ತಮ್ಮ ಟೀ ಕುಡಿಯುತ್ತ ಏನೋ ಕೇಳಬೇಕೆಂದುಕೊಂಡು, "ಸಕ್ಕರೆ ಸರಿಯಾಗಿದೆ" ಎಂದಷ್ಟೇ ಹೇಳಿ ಅಂಗಡಿಗೆ ಹೋದ.

ಟೀಪಾಟು ಆರಿದ ಮೇಲೆ ನಲ್ಲಿ ಬಿಟ್ಟು, ಕೈ ತುಂಬ ಸೋಪು ಹಚ್ಚಿದಳು. ನಲವತ್ತು ವರ್ಷದ ಹಿಂದಿನ ಆ ಬೆಳಿಗ್ಗೆಯಿಂದ ಇಲ್ಲಿಯ ತನಕ ಯಾವ ಪಾತ್ರೆ ತೊಳೆಯುವಾಗಲೂ ಅವಳ ಭುಜ ಬಿಗಿಯುತ್ತಿತ್ತು. ಈಗಲೂ ಬಿಗಿಯಿತು. ಟೀಪಾಟನ್ನು ಬೋರಲು ಮಾಡಿ ಹೆಬ್ಬೆರಳನ್ನು ಅದರ ಜಾಗದಲ್ಲಿಟ್ಟಳು. ಅವನ ಅಂಗೈ ಅಗಲ, ಇವಳದು ಗಿಡ್ಡ; ಎದುರು ಕಡೆಗೆ ಮುಟ್ಟಬೇಕಾದರೆ ಬೆರಳನ್ನು ಪೂರ್ತಿ ಚಾಚಬೇಕಾಯಿತು. ತೋರುಬೆರಳು ಕೂತಿತು. ನಡುಬೆರಳು ಕೂತಿತು. ಉಂಗುರದ ಬೆರಳು ಮಾತ್ರ ಗುಂಡು ಗುರುತನ್ನು ದಾಟಿ ಮುಂದೆ ಮೆರುಗಿನ ಮೇಲೆ ಹೋಗಿ ಜಾರಿತು.

ಅವಳು ಆ ಬೆರಳನ್ನು ಗೆಣ್ಣಿನ ಹತ್ತಿರ ಮಡಚಿದಳು. ಆಗ ಕೂತಿತು.

ಮೇಲಿನಿಂದ ನೀರು ಬೀಳುತ್ತಿತ್ತು, ನೊರೆ ಮಣಿಕಟ್ಟಿನವರೆಗೆ ಇಳಿಯುತ್ತಿತ್ತು. ಟೀಪಾಟು ಅಲುಗಾಡಲಿಲ್ಲ. ತೊಳೆದದ್ದು ಸಾಕಾಗಿ ಎಷ್ಟೋ ಹೊತ್ತಾಗಿದ್ದರೂ ಮೂತಿಯಕ್ಕ ಇನ್ನೂ ತೊಳೆಯುತ್ತಲೇ ಇದ್ದಳು.